ಕೆಂಪುಕಲ್ಲಿನ ಗೋಡೆಗೆ ಸಿಲಿಕೋನ್: ಹೊಡೆಯುವ ಮುಂಚೆ, ಹೊಡೆಯುವಾಗ, ಹೊಡೆದ ಮೇಲೆ

ಗಿಲಾಯಿ (ಪ್ಲಾಸ್ಟರ್) ಮಾಡದೆ ಹಾಗೇ ಬಿಟ್ಟ ಕೆಂಪುಕಲ್ಲಿನ ಗೋಡೆ ನೋಡಲು ಚೆಂದ. ಆದರೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ಮನೆ ಕಟ್ಟಿಸಿದವರಿಗೆ ಆಷಾಢದ ಎರಚಲು ಏನು ಮಾಡುತ್ತದೆ ಅಂತ ಗೊತ್ತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಆಗುಂಬೆ ಕಡೆ 7,000 ಮಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ, ಗಾಳಿಯ ಜೊತೆ ಅಡ್ಡಡ್ಡವಾಗಿ ಬಂದು ಗೋಡೆಗೆ ಬಡಿಯುತ್ತದೆ. ಹಿಂದೆ ಅಡಿಕೆ ಸೋಗೆ, ತೆಂಗಿನ ಗರಿಯ ತಟ್ಟಿ ಕಟ್ಟಿ ಗೋಡೆ ಕಾಯುತ್ತಿದ್ದರು. ಈಗ ಆ ಜಾಗಕ್ಕೆ, ಮಳೆನೀರು ತಡೆಯಲು ಗೋಡೆಗೆ ಹೊಡೆಯುವ ಸಿಲಿಕೋನ್ ದ್ರಾವಣದ ಡಬ್ಬಿ ಬಂದಿದೆ.

ಹೊಡೆಸಿದವರಲ್ಲಿ ಕೆಲವರು "ಅದ್ಭುತ" ಅನ್ನುತ್ತಾರೆ, ಕೆಲವರು "ದುಡ್ಡು ದಂಡ" ಅನ್ನುತ್ತಾರೆ. ಒಂದೇ ಕಂಪನಿಯ ಒಂದೇ ಡಬ್ಬಿಗೆ ಈ ಎರಡೂ ಮಾತು ಕೇಳಿಬರುತ್ತದೆ. ಹಾಗಾಗಿ ಇಲ್ಲಿ ಡಬ್ಬಿಗಿಂತ ಗೋಡೆಯ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಮುಚ್ಚಳ ತೆಗೆಯುವ ಮುಂಚಿನ ಕೆಲಸ ಸರಿಯಾದರೆ, ಹೊಡೆಯುವುದು ಒಂದು ಹಗಲಿನ ಕೆಲಸ ಅಷ್ಟೇ.

ಸಿಲಿಕೋನ್ ಮಾಡುವ ಕೆಲಸ ಯಾವುದು?

ಕಲ್ಲು, ಇಟ್ಟಿಗೆ, ಕಾಂಕ್ರೀಟು ಎಲ್ಲದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಗೋಡೆಗೆ ತಾಗಿದ ನೀರನ್ನು ಅವು ತಾವಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತವೆ. ಸಿಲಿಕೋನ್ ದ್ರಾವಣ ಒಳಗಿಳಿದು ಆ ರಂಧ್ರಗಳ ಗೋಡೆಗೆ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಕಲ್ಲು ನೀರನ್ನು ಎಳೆದುಕೊಳ್ಳುವ ಬದಲು ದೂರ ತಳ್ಳುತ್ತದೆ. ಕೆಸುವಿನ ಎಲೆ ಮೇಲೆ ನೀರು ಉರುಳುವ ಹಾಗೆ ಹನಿ ಗುಂಡಗೆ ನಿಂತು ಜಾರಿ ಹೋಗುತ್ತದೆ.

ರಂಧ್ರ ಮಾತ್ರ ಮುಚ್ಚುವುದಿಲ್ಲ. ಬಾಯಿ ತೆರೆದೇ ಇರುತ್ತದೆ. ಇದರಿಂದ ಒಂದು ದೊಡ್ಡ ಲಾಭ ಇದೆ: ಗೋಡೆ ಒಳಗಿನ ತೇವ ಆವಿಯಾಗಿ ಹೊರಗೆ ಹೋಗಬಹುದು. ಪ್ಲಾಸ್ಟಿಕ್‌ನಂಥ ಪದರ ಹಚ್ಚಿದರೆ ಅದು ಆಗುವುದಿಲ್ಲ, ಪದರವೇ ಉಬ್ಬಿ ಏಳುತ್ತದೆ. ಒಂದು ಮಿತಿಯೂ ಇದೆ. ನೀರಿಗೆ ಒತ್ತಡ ಇದ್ದರೆ ತೆರೆದ ಬಾಯಿಯಿಂದ ಒಳಗೆ ನುಗ್ಗುತ್ತದೆ. ಆದ್ದರಿಂದ ತಾರಸಿ, ನೀರಿನ ಟ್ಯಾಂಕಿ, ಸಂಪು, ಮಣ್ಣಿಗೆ ತಾಗಿಕೊಂಡ ನೆಲಮಾಳಿಗೆ ಗೋಡೆ, ಇಂಥ ಕಡೆ ಸಿಲಿಕೋನ್ ಹೊಡೆದು ಪ್ರಯೋಜನವಿಲ್ಲ. ಇದು ಮಳೆ ಬಡಿದು ಕೆಳಗೆ ಹರಿದು ಹೋಗುವ ನೆಟ್ಟನೆ ಗೋಡೆಗೆ ಇರುವ ಮದ್ದು. ಅಂಗಡಿಯವರು "ವಾಟರ್‌ಪ್ರೂಫಿಂಗ್" ಅಂತ ಒಂದೇ ಹೆಸರಲ್ಲಿ ಎಲ್ಲವನ್ನೂ ಮಾರುತ್ತಾರೆ, ನೀವು ಬೇರೆ ಮಾಡಿ ನೋಡಬೇಕು.

ಮೊದಲು, ನೀರು ಎಲ್ಲಿಂದ ಬರ್ತಿದೆ ನೋಡಿ

ಮಳೆಗಾಲದಲ್ಲೇ ನೋಡಿಡಿ. ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಬೇಸಿಗೆಗೆ ಎಲ್ಲ ಮರೆತಿರುತ್ತದೆ.

ನೆಲದಿಂದ ಎರಡು ಮೂರು ಅಡಿ ಎತ್ತರದ ತನಕ ಒದ್ದೆ, ಮೇಲಂಚಿನಲ್ಲಿ ಬಿಳಿ ಹುಡಿ, ಅದೂ ವರ್ಷಪೂರ್ತಿ ಇದ್ದರೆ ಅದು ಪಾಯದಿಂದ ಮೇಲೇರುವ ತೇವ. ಹೊರಗೆ ಸಿಲಿಕೋನ್ ಹೊಡೆದರೆ ಅದು ನಿಲ್ಲುವುದಿಲ್ಲ. ಗೋಡೆಗೆ ಸಾಲಾಗಿ ತೂತು ಕೊರೆದು ಸಿಲೇನ್ (ಸಿಲಿಕೋನ್ ಜಾತಿಯದೇ ಮದ್ದು) ಕ್ರೀಮು ತುಂಬುವ ವಿಧಾನ ಇದೆ, ಅದು ಬೇರೆಯದೇ ಕೆಲಸ. ಕಿಟಕಿಯ ಕೆಳಮೂಲೆಯಲ್ಲಿ ಒದ್ದೆ ಇದ್ದರೆ ಚೌಕಟ್ಟಿನ ಸಂದು ನೋಡಿ. ಸ್ಲ್ಯಾಬಿನ ಕೆಳಗೆ ಇದ್ದರೆ ತಾರಸಿ, ಪ್ಯಾರಪೆಟ್ ನೋಡಿ. ಬಚ್ಚಲಿನ ಹಿಂದಿನ ಗೋಡೆ ಆದರೆ ಪ್ಲಂಬರ್‌ನ ಕರೆಯಿರಿ.

ಪಡುವಣ, ನೈಋತ್ಯ ದಿಕ್ಕಿನ ಗೋಡೆ ಗಾಳಿಮಳೆ ಬಂದ ಮರುದಿನ ಒಳಗಡೆ ಕಪ್ಪಾಗಿ, ನಾಲ್ಕು ದಿನ ಬಿಸಿಲು ಬಂದರೆ ತಿಳಿಯಾಗುತ್ತದೆ ಅಂತಾದರೆ ಮಾತ್ರ ಅದು ಸಿಲಿಕೋನ್‌ಗೆ ಒಗ್ಗುವ ಗೋಡೆ. ಮುಂಗಾರು ಗಾಳಿ ಬರುವುದೇ ಆ ಕಡೆಯಿಂದ. ಹಾಗಾಗಿ ದುಡ್ಡು ಸಾಲದಿದ್ದರೆ ನಾಲ್ಕೂ ಗೋಡೆಗೆ ತೆಳ್ಳಗೆ ಹೊಡೆಸಬೇಡಿ. ಆ ಒಂದು ಗೋಡೆಗೆ ಸರಿಯಾಗಿ ಹೊಡೆಸಿ.

ಕಲ್ಲು ಕುಡಿಯುತ್ತಾ, ಸಂದು ಕುಡಿಯುತ್ತಾ?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಆದರೆ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಪ್ರಯೋಗಾಲಯದವರು ಇದಕ್ಕೆ ಕಾರ್‌ಸ್ಟನ್ ಟ್ಯೂಬ್ ಅಥವಾ ರೈಲೆಮ್ ಟ್ಯೂಬ್ ಅನ್ನುವ ಗಾಜಿನ ಕೊಳವೆ ಬಳಸುತ್ತಾರೆ. ಮನೆಯಲ್ಲಿ ಅದೇ ತತ್ವದ ಒಂದು ಸಾಧನ ಮಾಡಿಕೊಳ್ಳಬಹುದು. ಒಂದು ಸಣ್ಣ ಪಿವಿಸಿ ಎಲ್ಬೋ ತಗೊಳ್ಳಿ. ಒಂದು ಬಾಯಿಯನ್ನು ಗೋಡೆಗೆ ಒತ್ತಿ, ಸುತ್ತ ಗಾಜಿನ ಪುಟ್ಟಿಯಿಂದ ನೀರು ಸೋರದ ಹಾಗೆ ಮೆತ್ತಿ. ಮೇಲ್ಮುಖವಾಗಿರುವ ಇನ್ನೊಂದು ಬಾಯಿಗೆ ಪಾರದರ್ಶಕ ಪೈಪಿನ ತುಂಡು ಸಿಕ್ಕಿಸಿ. ಗೋಡೆಗೆ ತಾಗಿರುವ ಬಾಯಿಯ ನಡುಮಧ್ಯದಿಂದ 10 ಸೆಂ.ಮೀ. ಎತ್ತರದ ತನಕ ನೀರು ತುಂಬಿ, ಪೆನ್ನಲ್ಲಿ ಗೆರೆ ಹಾಕಿ, 20 ನಿಮಿಷ ಬಿಡಿ. 10 ಸೆಂ.ಮೀ. ನೀರಿನ ಒತ್ತಡ ಅಂದರೆ ಗಂಟೆಗೆ ಸುಮಾರು 145 ಕಿ.ಮೀ. ವೇಗದ ಗಾಳಿಯ ಒತ್ತಡಕ್ಕೆ ಸಮ. ಚಂಡಮಾರುತದ ಪರೀಕ್ಷೆ ಪುಕ್ಕಟೆಯಾಗಿ ಆಯಿತು ಅನ್ನಿ.

ಮೂರು ಕಡೆ ಮಾಡಿ: ಕಲ್ಲಿನ ಮೈಮೇಲೆ, ಗಾರೆ ಸಂದಿನ ಮೇಲೆ, ಕಲ್ಲು ಮತ್ತು ಗಾರೆ ಸೇರುವ ಅಂಚಿನ ಮೇಲೆ. ನಾಲ್ಕಾರು ಕಲ್ಲಿನ ಮೇಲೆ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ, ಯಾಕೆಂದರೆ ಒಂದೇ ಕೋರೆಯ ಎರಡು ಕಲ್ಲು ಒಂದೇ ಥರ ಇರುವುದಿಲ್ಲ. ಬಹಳ ಮನೆಗಳಲ್ಲಿ ನೀರು ಜಾಸ್ತಿ ಇಳಿಯುವುದು ಆ ಅಂಚಿನಲ್ಲಿ. ಗಾರೆ ಒಣಗುವಾಗ ಕುಗ್ಗಿ ಕಲ್ಲಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತದೆ. ನೀರು ಕೆಲವೇ ಸೆಕೆಂಡಲ್ಲಿ ಸರ್ರನೆ ಇಳಿದರೆ ಒಳಗೆ ಬಿರುಕೋ ತೂತೋ ಇದೆ. ನಿಧಾನಕ್ಕೆ, ಒಂದೇ ಸಮನೆ ಇಳಿದರೆ ಕಲ್ಲೇ ಕುಡಿಯುತ್ತಿದೆ. ಸಿಲಿಕೋನ್ ತಡೆಯುವುದು ಈ ಎರಡನೆಯದನ್ನು. ಗೆರೆಯಿಂದ ನೀರು ಎಷ್ಟು ಮಿ.ಮೀ. ಇಳಿಯಿತು, ಬರೆದಿಟ್ಟುಕೊಳ್ಳಿ. ಮುಂದೆ ಬೇಕು.

ಕೆಂಪುಕಲ್ಲು ಸ್ವಲ್ಪ ನೀರು ಕುಡಿಯುವುದು ಸಹಜ. ಭಾರತೀಯ ಮಾನಕ ಐಎಸ್ 3620 ಪ್ರಕಾರ ಅದು ತನ್ನ ತೂಕದ ಶೇ. 12ಕ್ಕಿಂತ ಜಾಸ್ತಿ ನೀರು ಹೀರಬಾರದು. 25 ಕೆ.ಜಿ. ತೂಗುವ ಕಲ್ಲಿಗೆ ಲೆಕ್ಕ ಹಾಕಿದರೆ ಅದೇ 3 ಲೀಟರ್ ಆಯಿತು. ಮಾನಕ ದಾಟದ ಒಳ್ಳೆ ಕಲ್ಲಿನ ಲೆಕ್ಕ ಇದು!

ತೂತು, ಸಂದು, ಬಿರುಕು ಮುಚ್ಚುವುದು

ಮುರಕಲ್ಲು ಅನ್ನಿ, ಚಿರೇಕಲ್ಲು ಅನ್ನಿ, ಇದರ ಗುಣವೇ ತೂತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಲ್ಲಿ ಮಲಬಾರಿನ ಅಂಗಾಡಿಪುರದ ಕಲ್ಲನ್ನು ವಿವರಿಸುವಾಗಲೂ ಮೈತುಂಬಾ ಪೊಳ್ಳು ಇರುವುದನ್ನು ಬರೆದಿದ್ದಾನೆ. ಬೆರಳು ತೂರುವಷ್ಟು ದೊಡ್ಡ ಕೊಳವೆಯಂಥ ತೂತುಗಳು ಕೆಲವು ಕಲ್ಲಿನಲ್ಲಿ ಈ ಮುಖದಿಂದ ಆ ಮುಖದ ತನಕ ಹೋಗಿರುತ್ತವೆ. ಅವಕ್ಕೆ ಎಷ್ಟು ಸಿಲಿಕೋನ್ ಹೊಡೆದರೂ ಒಳಗೋಡೆಗೆ ಹರಿದು ಹೋಗುತ್ತದೆಯೇ ಹೊರತು ತೂತು ಮುಚ್ಚುವುದಿಲ್ಲ.

ಆದ್ದರಿಂದ ಅವನ್ನು ಕೈಯಾರೆ ಮುಚ್ಚಬೇಕು. ಅದೇ ಕಲ್ಲಿನ ಹುಡಿ ಜರಡಿ ಹಿಡಿದು, ಸ್ವಲ್ಪ ಸುಣ್ಣ, ಸ್ವಲ್ಪ ಸಿಮೆಂಟು ಬೆರೆಸಿ ಗಟ್ಟಿಯಾಗಿ ಕಲಸಿ. ತೂತನ್ನು ಬ್ರಷ್‌ನಿಂದ ಕೆರೆದು, ನೀರು ಚಿಮುಕಿಸಿ, ಕೋಲಿನ ತುದಿಯಿಂದ ಆಳಕ್ಕೆ ಜಡಿದು ತುಂಬಿ. ಸಿಮೆಂಟ್ ಜಾಸ್ತಿ ಹಾಕಿದರೆ ಬೂದು ಬಣ್ಣದ ತೇಪೆ ಎದ್ದು ಕಾಣುತ್ತದೆ, ಕಲ್ಲಿಗಿಂತ ಗಟ್ಟಿಯಾಗಿ ಅಂಚಲ್ಲಿ ಬಿರುಕೂ ಬಿಡುತ್ತದೆ. ಬಣ್ಣ ಹೊಂದುತ್ತದಾ ಅಂತ ಒಂದು ಮೂಲೆಯಲ್ಲಿ ಮಾಡಿ, ಒಣಗಿದ ಮೇಲೆ ನೋಡಿ.

ಸಂದುಗಳಿಗೂ ಇದೇ ನ್ಯಾಯ. ಸಡಿಲ ಗಾರೆಯನ್ನು ಒಂದೂವರೆ ಎರಡು ಸೆಂ.ಮೀ. ಆಳಕ್ಕೆ ಕೆರೆಸಿ ಹೊಸ ಪಾಯಿಂಟಿಂಗ್ ಮಾಡಿಸಿ. ಸಂದಿನ ಗಾರೆ ಕಲ್ಲಿನ ಮುಖಕ್ಕಿಂತ ತೀರಾ ಒಳಗೆ ಇದ್ದರೆ ಪ್ರತಿ ಕಲ್ಲಿನ ಮೇಲಂಚೂ ನೀರು ನಿಲ್ಲುವ ಕಟ್ಟೆ ಆಗುತ್ತದೆ. ಮೇಸ್ತ್ರಿಗಳು ಚೆಂದ ಕಾಣಲಿ ಅಂತ ಸಂದನ್ನು ಒಳಗೆ ತಳ್ಳುತ್ತಾರೆ. ಮಳೆ ಬಡಿಯುವ ಗೋಡೆಯಲ್ಲಿ ಬೇಡ ಅಂತ ಖಂಡಿತವಾಗಿ ಹೇಳಿ. ಕಣ್ಣಿಗೆ ಕಾಣುವ ಬಿರುಕು ಎಷ್ಟು ಸಣ್ಣದಾದರೂ ಮುಚ್ಚಿಸಿ. 0.3 ಮಿ.ಮೀ. ದಾಟಿದ ಬಿರುಕನ್ನು ಸಿಲಿಕೋನ್ ಕಾಯುತ್ತದೆ ಅಂತ ನಂಬುವ ಹಾಗಿಲ್ಲ. ಕಿಟಕಿ ಮೇಲಿನ ಸಜ್ಜಾದ ಕೆಳಂಚಿನಲ್ಲಿ ನೀರು ತೊಟ್ಟಿಕ್ಕಲು ಗೀರು ಇದೆಯಾ, ಸೂರಿನ ದೋಣಿಯ ನೀರು ಗೋಡೆಗೆ ಬೀಳುತ್ತಿದೆಯಾ, ಅದನ್ನೂ ನೋಡಿಬಿಡಿ. ಎಷ್ಟೋ ಸಲ ಸೂರನ್ನು ಒಂದಡಿ ಮುಂದಕ್ಕೆ ಚಾಚಿಸಿದರೆ ಡಬ್ಬಿಯೇ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಇದೆಲ್ಲ ಸಿಲಿಕೋನ್ ಹೊಡೆಯುವ ಮುಂಚೆಯೇ ಮುಗಿಯಬೇಕು. ಹೊಡೆದ ಮೇಲೆ ಆ ಗೋಡೆಗೆ ಗಾರೆಯೂ ಹಿಡಿಯುವುದಿಲ್ಲ, ನೀರು ಆಧಾರದ ಪೇಂಟೂ ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಗಿಲಾಯಿ ಮಾಡಿಸುವ ಯೋಚನೆ ಇದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ಹೊಸ ಸಿಮೆಂಟ್ ಗಾರೆಗೆ 28 ದಿನ ಸಮಯ ಕೊಡಿ.

ತೊಳೆಯುವುದು, ಒಣಗಿಸುವುದು

ಪಾಚಿ, ಕಪ್ಪು ಕಲೆ ಇದ್ದರೆ ಬ್ಲೀಚಿಂಗ್ ಪೌಡರ್ ತಿಳಿನೀರು ಹಚ್ಚಿ ಅರ್ಧ ಗಂಟೆ ಬಿಟ್ಟು, ನೈಲಾನ್ ಬ್ರಷ್‌ನಿಂದ ಉಜ್ಜಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ತಂತಿ ಬ್ರಷ್ ಬೇಡ, ಕಲ್ಲಿನ ಮೈ ಕಿತ್ತು ಬರುತ್ತದೆ. ಆ್ಯಸಿಡ್ ಅಂತೂ ಬೇಡವೇ ಬೇಡ. ಸಂದಿನ ಸುಣ್ಣವನ್ನು ತಿನ್ನುತ್ತದೆ, ಕಲ್ಲಿನ ಕಬ್ಬಿಣದ ಅಂಶ ಕರಗಿ ಹಳದಿ ಕಲೆ ಬಿಡುತ್ತದೆ. ಬಿಳಿ ಉಪ್ಪು ಇದ್ದರೆ ನೀರು ಹಾಕುವ ಮೊದಲು ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ. ಗುಡಿಸಿದ ಮೇಲೂ ವಾರ ವಾರ ಉಪ್ಪು ಮೂಡುತ್ತಲೇ ಇದ್ದರೆ ಕೆಲಸ ನಿಲ್ಲಿಸಿ. ಒಳಗಿನ ನೀರು ಉಪ್ಪನ್ನು ಹೊತ್ತು ತರುತ್ತಿದೆ ಅಂತ ಅರ್ಥ. ಸಿಲಿಕೋನ್ ಹೊಡೆದರೆ ಆ ಉಪ್ಪು ಹೊರಗೆ ಬರಲಾಗದೆ ಸಿಲಿಕೋನ್ ಇಳಿದ ಭಾಗದ ಹಿಂದೆಯೇ ಹರಳುಗಟ್ಟಿ, ಕಲ್ಲಿನ ಮುಖವನ್ನೇ ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಸಿಲಿಕೋನ್ ಅನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಹಳೆಯ ದೇವಸ್ಥಾನ, ಬಸದಿ, ಕೋಟೆಗೋಡೆಗೆ ಊರವರು ಸೇರಿ ಸುಮ್ನೆ ಹೊಡೆಸಿಬಿಡಬಾರದು ಅನ್ನುವುದು ಇದಕ್ಕೇ.

ಆಮೇಲೆ ಒಣಗಲು ಬಿಡಿ. ಕರಾವಳಿಯಲ್ಲಿ ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ದೀಪಾವಳಿ ಕಳೆದ ಕೂಡಲೇ ಶುರು ಮಾಡಿದರೆ ಮಳೆಗಾಲದ ನೀರು ಗೋಡೆಯ ಹೊಟ್ಟೆಯಲ್ಲಿ ಇನ್ನೂ ಇರುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ರಾತ್ರಿ ಬಿಡಿ. ಕನಿಷ್ಠ 16 ಗಂಟೆ ಇರಲಿ. ಬೆಳಗ್ಗೆ ಒಳಮೈಯಲ್ಲಿ ನೀರಹನಿ ಕಂಡರೆ, ಕಲ್ಲು ಕಪ್ಪಾಗಿದ್ದರೆ ಇನ್ನೂ ಕಾಯಿರಿ. ಒದ್ದೆ ರಂಧ್ರದಲ್ಲಿ ದ್ರಾವಣಕ್ಕೆ ಜಾಗ ಇರುವುದಿಲ್ಲ, ಅಲ್ವಾ?

ಯಾವ ಡಬ್ಬಿ?

ಲೇಬಲ್ ಓದಿ. ಮುಖ್ಯವಾಗಿ ಮೂರು ಹೆಸರು ಸಿಗುತ್ತವೆ.

ಸಿಲೇನ್ ಅಣು ಸಣ್ಣದು, ಆಳಕ್ಕೆ ಇಳಿಯುತ್ತದೆ. ಗಟ್ಟಿ ಕಾಂಕ್ರೀಟಿಗೆ ಹೇಳಿ ಮಾಡಿಸಿದ್ದು. ಬಿಸಿಲು ಗಾಳಿ ಇದ್ದರೆ ಕೆಲಸ ಮಾಡುವ ಮುಂಚೆಯೇ ಆರಿ ಹೋಗುವ ಗುಣ ಅದಕ್ಕಿದೆ. ಸಿಲೋಕ್ಸೇನ್ ಅಣು ಸ್ವಲ್ಪ ದೊಡ್ಡದು, ಕೆಂಪುಕಲ್ಲು, ಇಟ್ಟಿಗೆಯಂಥ ಹೆಚ್ಚು ರಂಧ್ರದ ವಸ್ತುವಿಗೆ ಹೊಂದುತ್ತದೆ. ಎರಡೂ ಬೆರೆಸಿದ ಡಬ್ಬಿಗಳು ಸಿಗುತ್ತವೆ. ನನ್ನ ಆಯ್ಕೆ ಅದೇ. ಮೂರನೆಯದು ಸಿಲಿಕೋನೇಟ್, ಹೆಚ್ಚಾಗಿ ಪೊಟ್ಯಾಸಿಯಂ ಮೀಥೈಲ್ ಸಿಲಿಕೋನೇಟ್. ನೀರಲ್ಲಿ ಕಲಸುವ, ಕಡಿಮೆ ದುಡ್ಡಿನ ಸಾಮಾನು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಅದು ಗಟ್ಟಿಯಾಗಲು ಒಂದು ದಿನ ಬೇಕು. ಅಷ್ಟರೊಳಗೆ ಮಳೆ ಬಂದರೆ ತೊಳೆದು ಹೋಯಿತು. ಜಾಸ್ತಿ ಹೊಡೆದರೆ ಕೆಂಪು ಗೋಡೆ ಮೇಲೆ ಬಿಳಿ ಮಬ್ಬು ಕೂರುತ್ತದೆ. ಅದು ತೀಕ್ಷ್ಣ ಕ್ಷಾರ ಬೇರೆ. ಮೈಗೆ, ಕಣ್ಣಿಗೆ, ಕಿಟಕಿ ಗಾಜಿಗೆ, ಅಲ್ಯೂಮಿನಿಯಂ ಚೌಕಟ್ಟಿಗೆ ಆಗುವುದಿಲ್ಲ. ಗಿಲಾಯಿ ಇಲ್ಲದ, ಎಲ್ಲರಿಗೂ ಕಾಣುವ ಗೋಡೆಗೆ ನಾನಂತೂ ಇದನ್ನು ಹೇಳುವುದಿಲ್ಲ.

"ಹೊಳಪು ಬರುತ್ತೆ ಸಾರ್" ಅಂತ ಅಂಗಡಿಯಲ್ಲಿ ತೋರಿಸುವುದು ಹೆಚ್ಚಾಗಿ ಅಕ್ರಿಲಿಕ್ ವಾರ್ನಿಶ್. ಅದು ಮೇಲೆ ಪದರವಾಗಿ ಕೂತು, ಬಿಸಿಲಿಗೆ ಸಿಪ್ಪೆ ಏಳುತ್ತದೆ. ಸಿಲಿಕೋನ್ ಸರಿಯಾಗಿ ಇಳಿದ ಗೋಡೆ ಹೊಳೆಯುವುದಿಲ್ಲ. ಒಣಗಿದ ಮೇಲೆ ಮೊದಲಿನ ಹಾಗೇ ಕಾಣಬೇಕು. ಡಬ್ಬಿ ಹಾಗೇ ಹೊಡೆಯುವಂಥದ್ದೋ, ಬೆರೆಸಿ ಹೊಡೆಯುವಂಥದ್ದೋ, ಅದರಲ್ಲಿ ಅಸಲು ಸಿಲಿಕೋನ್ ಅಂಶ ಶೇಕಡ ಎಷ್ಟು ಅಂತ ಕಂಪನಿಯ ತಾಂತ್ರಿಕ ಹಾಳೆಯಲ್ಲಿ ಇರುತ್ತದೆ. ಆ ಹಾಳೆ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಒಂದು ಚದರ ಮೀಟರ್ ಪ್ರಯೋಗ

ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರ ಅಳೆದು ಅಲ್ಲಿ ಮೊದಲು ಹೊಡೆಯಿರಿ. ಎಷ್ಟು ದ್ರಾವಣ ಹಿಡಿಯಿತು ಅಂತ ಅಳೆದರೆ ಇಡೀ ಗೋಡೆಗೆ ಎಷ್ಟು ಲೀಟರ್ ಬೇಕು ಅನ್ನುವುದು ಗೊತ್ತಾಗುತ್ತದೆ. ಡಬ್ಬಿ ಮೇಲೆ ಬರೆದ ಲೆಕ್ಕ ಕೆಂಪುಕಲ್ಲಿಗೆ ಸಾಮಾನ್ಯವಾಗಿ ಸಾಲುವುದಿಲ್ಲ. ವಾರ ಬಿಟ್ಟು ಬಣ್ಣ ನೋಡಿ, ಎಲ್ಬೋ ಪರೀಕ್ಷೆ ಮತ್ತೆ ಮಾಡಿ. ಮೊದಲು ಬರೆದಿಟ್ಟ ಅಂಕಿ ಈಗ ಕೆಲಸಕ್ಕೆ ಬರುತ್ತದೆ. 20 ನಿಮಿಷದಲ್ಲಿ ನೀರು ಗೆರೆಯಿಂದ ಅಲ್ಲಾಡದಿದ್ದರೆ ಮುಂದುವರಿಯಿರಿ. ಇನ್ನೂ ಇಳಿಯುತ್ತಿದ್ದರೆ ತೂತು ಮುಚ್ಚುವ ಕೆಲಸ ಬಾಕಿ ಇದೆ, ಇಲ್ಲವೇ ಡಬ್ಬಿ ಬದಲಿಸಬೇಕು.

ಹೊಡೆಯುವ ದಿನ

ಗಾಜು, ಚೌಕಟ್ಟು, ನೆಲದ ಟೈಲ್ಸಿಗೆ ಪ್ಲಾಸ್ಟಿಕ್ ಹೊದಿಸಿ. ಗಿಡಗಳಿಗೂ ಹೊದಿಸಿ. ಬಾವಿ ಹತ್ತಿರ ಇದ್ದರೆ ಅದನ್ನೂ ಮುಚ್ಚಿ. ಕೈಗವಸು, ಕನ್ನಡಕ ಬೇಕು. ಸಾಲ್ವೆಂಟ್ ಆಧಾರದ್ದಾದರೆ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಬಟ್ಟೆ ಮಾಸ್ಕ್ ಸಾಲದು. ಅದು ಬೆಂಕಿ ಹಿಡಿಯುವ ಸಾಮಾನು, ಬೀಡಿ ಸಿಗರೇಟು ದೂರ ಇರಲಿ.

ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಗೋಡೆ ಮುಟ್ಟಿದರೆ ಸುಡುವಂತಿರಬಾರದು, ಹಾಗಾಗಿ ಪಡುವಣ ಗೋಡೆಗೆ ಬೆಳಗ್ಗೆ, ಮೂಡಣ ಗೋಡೆಗೆ ಮಧ್ಯಾಹ್ನದ ಮೇಲೆ. 35 ಡಿಗ್ರಿ ದಾಟಿದ ಬಿಸಿಲಲ್ಲಿ ಬೇಡ. ಗಾಳಿ ಜೋರಿದ್ದರೂ ಬೇಡ. ಮುಂದಿನ 24 ಗಂಟೆ ಮಳೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಕೈಪಂಪಿನ ಸ್ಪ್ರೇಯರ್ ಸಾಕು. ಆದರೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆದ ಪಂಪು ಮಾತ್ರ ತರಬೇಡಿ. ಎಷ್ಟು ತೊಳೆದರೂ ಮೈಲುತುತ್ತು, ಸುಣ್ಣ ಒಳಗೆಲ್ಲೋ ಉಳಿದಿರುತ್ತದೆ. ನಾಜಲ್‌ನಿಂದ ಮಂಜು ಬರಬಾರದು, ಸಣ್ಣ ಧಾರೆ ಬರಬೇಕು, ಒತ್ತಡ ಕಡಿಮೆ ಇರಬೇಕು. ಮಂಜಾದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದರ್ಧ ನಿಮ್ಮ ಶ್ವಾಸಕೋಶಕ್ಕೆ.

ಗೋಡೆಯ ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಪೇಂಟ್ ಬಳಿದು ರೂಢಿಯಾದವರು ಮೇಲಿಂದ ಕೆಳಗೆ ಬರುತ್ತಾರೆ. ಹಾಗೆ ಮಾಡಿದರೆ ಮೇಲಿನಿಂದ ಹರಿದದ್ದು ಕೆಳಗಿನ ಒಣಕಲ್ಲಿಗೆ ಗೆರೆಗೆರೆಯಾಗಿ ಹಿಡಿದು, ಆಮೇಲೆ ಹೊಡೆದದ್ದು ಆ ಗೆರೆಯಲ್ಲಿ ಇಳಿಯುವುದೇ ಇಲ್ಲ. ಧಾರೆ ತಾಗಿದ ಜಾಗದಿಂದ ದ್ರಾವಣ ಒಂದು ಗೇಣಿನಷ್ಟು, ಅಂದರೆ 20 ಸೆಂ.ಮೀ. ತನಕ ಕೆಳಗೆ ಹರಿಯುವಷ್ಟು ನಿಧಾನಕ್ಕೆ ಕೈ ಆಡಿಸಿ. ಕಲ್ಲು ಕಡುಗೆಂಪಾಗಿ, ಒಂದೆರಡು ಕ್ಷಣ ಮೇಲ್ಮೈ ಮಿಂಚಿ, ನೋಡನೋಡುತ್ತಾ ಆ ಮಿಂಚು ಒಳಗೆ ಸೆಳೆದು ಹೋಗುತ್ತದೆ. ಅದು ಸರಿಯಾದ ಅಳತೆ. ಮಿಂಚೇ ಬರದಿದ್ದರೆ ಕೈ ಓಡಿಹೋಗುತ್ತಿದೆ. ಐದು ನಿಮಿಷವಾದರೂ ಮಿಂಚು ನಿಂತೇ ಇದ್ದರೆ ಜಾಸ್ತಿಯಾಯಿತು, ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಅಂಟಂಟು ಕಲೆಯಾಗುತ್ತದೆ. ಗಟ್ಟಿ ಕಲ್ಲುಗಳಲ್ಲಿ ಹೀಗೆ ಜಾಸ್ತಿ ಆಗುತ್ತದೆ.

ಎರಡನೆಯ ಸುತ್ತು ಮೊದಲನೆಯದು ಆರುವ ಮುಂಚೆಯೇ ಆಗಬೇಕು, ಐದರಿಂದ ಹತ್ತು ನಿಮಿಷದ ಒಳಗೆ. "ಇವತ್ತೊಂದು ಕೋಟ್, ನಾಳೆ ಒಂದು ಕೋಟ್" ಅನ್ನುವ ಪೇಂಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ಕೋಟ್ ಕೆಲಸ ಶುರು ಮಾಡಿದ ಮೇಲೆ ಅದು ನಾಳೆಯ ಕೋಟನ್ನೇ ಹೊರಗೆ ತಳ್ಳುತ್ತದೆ, ವಿಶೇಷವಾಗಿ ನೀರು ಆಧಾರದ್ದಾದರೆ. ಹಾಗಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅರ್ಧಕ್ಕೆ ಬಿಡದೆ, ಒಂದೊಂದು ಗೋಡೆಯನ್ನು ಒಂದೇ ಸಲ ಮುಗಿಸಿ. ಊಟಕ್ಕೆ ಏಳುವುದಿದ್ದರೆ ಮೂಲೆಗೆ ಬಂದ ಮೇಲೆ ಏಳಿ.

ಆಮೇಲೆ

ಒಂದು ವಾರ ಗೋಡೆಗೆ ನೀರು ತಾಗಿಸಬೇಡಿ. "ಹನಿ ಜಾರುತ್ತಾ ನೋಡೋಣ" ಅಂತ ಮರುದಿನವೇ ಪೈಪ್ ಹಿಡಿಯುವ ಆಸೆ ಎಲ್ಲರಿಗೂ ಆಗುತ್ತದೆ, ತಡೆದುಕೊಳ್ಳಿ.

ಮೊದಲ ಮಳೆಗಾಲದಲ್ಲಿ ಮುತ್ತಿನಂಥ ಹನಿ ನೋಡಿ ಖುಷಿಪಡುತ್ತೀರಿ. ಒಂದೆರಡು ವರ್ಷಕ್ಕೆ ಆ ಹನಿ ಮಾಯವಾಗಬಹುದು, ಗಾಬರಿ ಬೇಡ. ಬಿಸಿಲು ಮತ್ತು ಧೂಳು ಮೇಲ್ಮೈಯ ಸಿಲಿಕೋನ್ ಅನ್ನು ಮಾತ್ರ ಕೆಡಿಸಿರುತ್ತದೆ, ಒಳಗಿಳಿದದ್ದು ಹಾಗೇ ಇರುತ್ತದೆ. ನೋಡಬೇಕಾದದ್ದು ಹನಿಯನ್ನಲ್ಲ, ಬಣ್ಣವನ್ನು. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಗೋಡೆಗೆ ಹತ್ತು ನಿಮಿಷ ನೀರು ಬಿಡಿ. ಕಲ್ಲು ಕಪ್ಪಗಾಗಿ ಅರ್ಧ ದಿನ ಹಾಗೇ ಉಳಿದ ಜಾಗದಲ್ಲಿ ಎಲ್ಬೋ ಪರೀಕ್ಷೆ ಮಾಡಿ. ನೀರು ಇಳಿದರೆ ಅಲ್ಲಿ ಮತ್ತೆ ಹೊಡೆಯುವ ಕಾಲ ಬಂದಿದೆ. ಬರಿ ಒಂದೆರಡು ಕಲ್ಲು ಮಾತ್ರ ಕಪ್ಪಾದರೆ ಹೊಸ ಬಿರುಕು ಹುಡುಕಿ.

ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಅಂತ ಅಟ್ಟಕ್ಕೆ ಏರಿಸಬೇಡಿ, ಗಾಳಿಯ ತೇವಕ್ಕೆ ಒಳಗೇ ಕೆಡುತ್ತದೆ. ಹಿತ್ತಲ ಕಾಂಪೌಂಡಿಗೆ ಹೊಡೆದು ಮುಗಿಸಿ, ಚರಂಡಿಗೆ ಸುರಿಯಬೇಡಿ. ಡಬ್ಬಿಯ ಲೇಬಲ್ ಫೋಟೊ, ತಾರೀಕು, ಯಾವ ಗೋಡೆಗೆ ಎಷ್ಟು ಲೀಟರ್ ಹಿಡಿಯಿತು ಅನ್ನುವ ಲೆಕ್ಕ ಮನೆ ಕಾಗದಪತ್ರದ ಜೊತೆ ಇಡಿ. ಮತ್ತೆ ಹೊಡೆಯುವಾಗ ಮೇಸ್ತ್ರಿ ಮೊದಲು ಕೇಳುವುದು ಅದನ್ನೇ.